ಲೇಬಲ್ ಮೇಲೆ ಪ್ಲಸ್ ಐದು, ನಾಲಗೆಗೆ ಸಿಹಿ: ಡ್ರೈ ಸಾಕೆಯನ್ನು ಸವಿಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಕೆಲಸದ ಮೇಲೆ ಟೋಕಿಯೋಗೆ ಬಂದು ಎರಡು ವರ್ಷವಾಗುತ್ತಾ ಬಂತು. ಆಫೀಸಿನವರ ಜೊತೆ ಇಝಾಕಾಯಾಗೆ (ಕುಡಿಯುತ್ತ ತಿನ್ನುವ ಇಲ್ಲಿನ ಹೋಟೆಲಿಗೆ) ಹೋದಾಗಲೆಲ್ಲ ನಮ್ಮ ಮ್ಯಾನೇಜರ್ 'ಕರಾಕುಚಿ' ಎಂಬ ಡ್ರೈ ಸಾಕೆಯನ್ನೇ, ಅಂದರೆ ಸಿಹಿ ಕಡಿಮೆಯಿರುವ ಜಪಾನೀ ಅಕ್ಕಿಮದ್ಯವನ್ನೇ ತರಿಸುತ್ತಾರೆ. ಅವರು ಒಂದೊಂದು ಗುಟುಕನ್ನೂ ತಲೆದೂಗಿ ಕುಡಿಯುತ್ತಾರೆ. ನನಗೆ ಸ್ಪಿರಿಟ್ ವಾಸನೆ ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ. ಪ್ಲಸ್ ಸಂಖ್ಯೆ ಹೆಚ್ಚಿದ್ದಷ್ಟೂ ಡ್ರೈ ಎಂದು ಎಲ್ಲೋ ಓದಿ, +5 ಎಂದು ಬರೆದಿದ್ದ ಬಾಟಲಿ ತಂದೆ. ಸಿಹಿಯಾಗಿತ್ತು! +3 ಇದ್ದ ಇನ್ನೊಂದು ಅದಕ್ಕಿಂತ ಡ್ರೈ ಅನ್ನಿಸಿತು. ನನ್ನ ನಾಲಗೆ ಸರಿಯಿಲ್ಲವೋ, ಲೇಬಲ್ ಸರಿಯಿಲ್ಲವೋ? ತಣ್ಣಗೆ ಕುಡಿಯಬೇಕೋ, ಬಿಸಿ ಮಾಡಬೇಕೋ? ಜೊತೆಗೆ ಏನು ತಿನ್ನಬೇಕು? ನಾನು ಮೀನು ತಿನ್ನುತ್ತೇನೆ, ಹೆಂಡತಿ ಶುದ್ಧ ಸಸ್ಯಾಹಾರಿ. ಬೇಸಿಗೆಯಲ್ಲಿ ಊರಿಗೆ ಬರುವಾಗ ಮಾವನವರಿಗೆ ಒಂದು ಬಾಟಲಿ ತರುವ ಆಸೆಯೂ ಇದೆ.

ಉತ್ತರ: ನಿಮ್ಮ ನಾಲಗೆಯೂ ಸರಿಯಿದೆ, ಲೇಬಲ್ಲೂ ಸುಳ್ಳು ಹೇಳಿಲ್ಲ. ಆ ಪ್ಲಸ್ ಸಂಖ್ಯೆ ಸಿಹಿಯನ್ನು ಅಳೆಯುತ್ತದೆ ಅಂದುಕೊಂಡಿರಿ, ಎಡವಟ್ಟಾಗಿದ್ದು ಅಲ್ಲಿ. ಅದು ಅಳೆಯುವುದು ತೂಕವನ್ನು. ಈ ಗಂಟನ್ನು ಮೊದಲು ಬಿಡಿಸೋಣ.

ಆ ಸಂಖ್ಯೆಗೆ ಜಪಾನಿನಲ್ಲಿ ನಿಹೋನ್ಶು-ದೋ ಎನ್ನುತ್ತಾರೆ. 15 ಡಿಗ್ರಿ ಸೆಲ್ಸಿಯಸ್‌ಗೆ ತಂದ ಸಾಕೆಯಲ್ಲಿ ಹೈಡ್ರೋಮೀಟರ್ ತೇಲಿಬಿಡುತ್ತಾರೆ. ಅದರ ಸಾಂದ್ರತೆ 4 ಡಿಗ್ರಿಯ ನೀರಿನಷ್ಟೇ ಇದ್ದರೆ ಸೊನ್ನೆ. ಸಕ್ಕರೆ ಕರಗಿದ್ದಷ್ಟೂ ದ್ರವ ಭಾರವಾಗಿ ಮೈನಸ್ ಕಡೆಗೆ ಹೋಗುತ್ತದೆ, ಹಗುರವಾದಷ್ಟೂ ಪ್ಲಸ್ ಕಡೆಗೆ. ಇಷ್ಟೇ ಆಗಿದ್ದರೆ ನೀವು ಓದಿದ್ದು ಸರಿಯೇ. ಆದರೆ ಸಾಕೆಯಲ್ಲಿ ಆಲ್ಕೋಹಾಲೂ ಇದೆ, ಅದು ನೀರಿಗಿಂತ ಹಗುರ. ಚೂರೂ ಸಕ್ಕರೆಯಿಲ್ಲದೆ ಬರೀ ನೀರಿಗೆ ಶೇಕಡಾ 15ರಷ್ಟು ಆಲ್ಕೋಹಾಲ್ ಬೆರೆಸಿ ಅಳೆದರೆ ಮೀಟರು ಸುಮಾರು +28 ತೋರಿಸುತ್ತದೆ. ಅಂದಮೇಲೆ +5 ಸಾಕೆಯಲ್ಲಿ ಆ 28ನ್ನು 5ರ ತನಕ ಕೆಳಗೆಳೆದದ್ದು ಏನು? ಕರಗಿರುವ ಸಕ್ಕರೆ ಮತ್ತು ಅದರ ಜೊತೆಗಾರ ಪದಾರ್ಥಗಳು. ಡ್ರೈ ಎನಿಸಿಕೊಂಡ ಸಾಕೆಯಲ್ಲೂ ಸಕ್ಕರೆ ಇದ್ದೇ ಇರುತ್ತದೆ. ಡ್ರೈ ವೈನ್‌ನಲ್ಲಿ ಲೀಟರಿಗೆ 4 ಗ್ರಾಂ ಒಳಗೇ ಸಕ್ಕರೆ ಇರುವುದು ವಾಡಿಕೆ, ಬಹುಪಾಲು ಡ್ರೈ ಸಾಕೆಗಳು ಆ ಗೆರೆಯನ್ನು ಆರಾಮಾಗಿ ದಾಟುತ್ತವೆ. ವೈನ್ ಕುಡಿದು ರೂಢಿಯಾದವರಿಗೆ ಮೊದಲ ಸಲ ಕರಾಕುಚಿ ಕೊಟ್ಟಾಗ 'ಇದ್ಯಾವ ಡ್ರೈ?' ಎಂದು ಹುಬ್ಬೇರಿಸುವುದು ಇದಕ್ಕೇ.

ಇನ್ನೊಂದು ಮಾತು. ಈಗ ಮಾರುಕಟ್ಟೆಯಲ್ಲಿರುವ ಸಾಕೆಯ ಸರಾಸರಿಯೇ +3ರಿಂದ +5ರ ಆಸುಪಾಸಿನಲ್ಲಿದೆ. ನೀವು ತಂದ +5 ಡ್ರೈ ಸಾಲಿನ ಮುಂದಾಳೇನಲ್ಲ, ನಡುವಿನವನು.

ಸಂಖ್ಯೆ ಹೇಳದ ಎರಡನೆಯ ವಿಷಯ ಹುಳಿ. ಅಷ್ಟೇ ಸಕ್ಕರೆ ಹಾಕಿದ ಎರಡು ಲೋಟ ಶರಬತ್ತಿನಲ್ಲಿ ಒಂದಕ್ಕೆ ಇನ್ನರ್ಧ ನಿಂಬೆಹಣ್ಣು ಹಿಂಡಿ ನೋಡಿ, ಅದು ಕಡಿಮೆ ಸಿಹಿ ಅನ್ನಿಸುತ್ತದೆ. ಸಾಕೆಯಲ್ಲೂ ಹಾಗೇ. ಅದಕ್ಕೇ ಒಳ್ಳೆಯ ಲೇಬಲ್‌ಗಳ ಹಿಂಬದಿಯಲ್ಲಿ 'ಸಾನ್-ದೋ' ಎಂಬ ಇನ್ನೊಂದು ಸಂಖ್ಯೆಯೂ ಇರುತ್ತದೆ, ಅದು ಆಮ್ಲದ ಅಳತೆ. 1.0 ಎಂದಿದ್ದರೆ ತೀರ ತೆಳು, 1.3ರಿಂದ 1.5 ಸಾಮಾನ್ಯ, 1.8 ದಾಟಿದರೆ ಹುಳಿ ಗಟ್ಟಿಯಾಗಿಯೇ ಇದೆ ಎಂದು ತಿಳಿಯಿರಿ. ವೈನ್‌ಗೆ ಹೋಲಿಸಿದರೆ ಸಾಕೆಯ ಆಮ್ಲ ಐದನೇ ಒಂದು ಪಾಲೋ ಅದಕ್ಕೂ ಕಡಿಮೆಯೋ ಇರುತ್ತದೆ, ಆದ್ದರಿಂದಲೇ ಅದರಲ್ಲಿ ಒಂದು ಹನಿ ಹೆಚ್ಚುಕಡಿಮೆಯಾದರೂ ನಾಲಗೆ ಹಿಡಿದುಬಿಡುತ್ತದೆ. ನಿಮ್ಮ +3ರ ಸಾನ್-ದೋ ಹೆಚ್ಚಿತ್ತು ಎಂದು ನನ್ನ ಅಂದಾಜು.

ಮೂರನೆಯದು ಪರಿಮಳ. +5ರ ಬಾಟಲಿ ಗಿಂಜೋ, ಅಂದರೆ ಅಕ್ಕಿಯನ್ನು ಹೆಚ್ಚು ಪಾಲಿಶ್ ಮಾಡಿ ತಯಾರಿಸಿದ ಸಾಕೆ ಆಗಿರಬೇಕು. ಗಿಂಜೋ ಸಾಕೆಗೆ ಬಳಸುವ ಯೀಸ್ಟ್‌ಗಳು ಸೇಬಿನ, ಬಾಳೆಹಣ್ಣಿನ, ಕರಬೂಜದ ವಾಸನೆ ಬರಿಸುತ್ತವೆ. ಹಣ್ಣಿನ ವಾಸನೆ ಮೂಗಿಗೆ ಬಡಿದೊಡನೆ ತಲೆ 'ಸಿಹಿ' ಎಂದು ತೀರ್ಪು ಕೊಟ್ಟಾಗಿರುತ್ತದೆ, ನಾಲಗೆಯ ಸಾಕ್ಷಿಗೆ ಕಾಯುವುದಿಲ್ಲ. ಆ ಬಾಟಲಿ ಇನ್ನೂ ಉಳಿದಿದ್ದರೆ ಒಂದು ಗುಟುಕನ್ನು ಮೂಗು ಹಿಡಿದು ಕುಡಿಯಿರಿ. ಸಿಹಿ ಅರ್ಧಕ್ಕರ್ಧ ಮಾಯವಾದರೆ ನನ್ನ ಊಹೆ ಸರಿ.

ಹಾಗಾದರೆ ನಿಮ್ಮ ಮ್ಯಾನೇಜರ್ ತಲೆದೂಗುವುದು ಯಾವುದಕ್ಕೆ? ಬಹುಶಃ ಸಿಹಿಯಿಲ್ಲ ಎಂಬುದಕ್ಕಲ್ಲ. ಸಾಕೆ ಬಲ್ಲವರು ಡ್ರೈ ಸಾಕೆಯಲ್ಲಿ ಹುಡುಕುವುದು 'ಕಿರೆ'. ನುಂಗಿದ ಮೇಲೆ ರುಚಿ ಬಾಯಿಂದ ಹೇಗೆ ತೊಲಗುತ್ತದೆ ಎಂಬುದು ಅದರ ಲೆಕ್ಕ. ಅಕ್ಕಿಯ ರುಚಿ ನಾಲಗೆಯ ತುಂಬ ಹರಡಿ, ಗಂಟಲಿಗೆ ಇಳಿದೊಡನೆ ಕತ್ತರಿಸಿದಂತೆ ನಿಂತುಬಿಡಬೇಕು. ಅಂಟು ಉಳಿಯಬಾರದು, ಕಹಿ ಎಳೆಯಬಾರದು. ಕೊಂಚ ಒಗರು ಇದ್ದರೆ ತಪ್ಪಿಲ್ಲ, ಅದು ಬಾಯಿಯನ್ನು ತೊಳೆದುಕೊಟ್ಟು ಹೋಗುತ್ತದೆ. ಹೀಗಾಗಿ ಡ್ರೈ ಸಾಕೆಯ ಗುಣ ಮೊದಲ ಗುಟುಕಿನಲ್ಲಿ ಸಿಗುವುದೇ ಇಲ್ಲ. ತುತ್ತು, ಗುಟುಕು, ಮತ್ತೆ ತುತ್ತು ಎಂಬ ಸರದಿಯಲ್ಲಿ ಮೂರನೆಯ ಕಪ್ಪಿನ ಹೊತ್ತಿಗೂ ಬಾಯಿ ಬೇಸರಗೊಳ್ಳದೆ ಇನ್ನೊಂದು ತುತ್ತು ಕೇಳುತ್ತಿದ್ದರೆ ಅದು ಒಳ್ಳೆಯ ಕರಾಕುಚಿ. ಗಿಂಜೋಗಿಂತಲೂ ಹೆಚ್ಚು ಪಾಲಿಶ್ ಮಾಡಿದ ಅಕ್ಕಿಯ, ಪರಿಮಳದ ದಾಯ್‌ಗಿಂಜೋ ಮೊದಲ ಗುಟುಕಿಗೇ ಮರುಳು ಮಾಡಿ ಊಟದ ನಡುವೆ ಸೋಲುವುದನ್ನು ಬೇಕಾದಷ್ಟು ನೋಡಿದ್ದೇನೆ.

ಇಝಾಕಾಯಾದ ಗದ್ದಲದಲ್ಲಿ ಇದನ್ನು ಕಲಿಯುವುದು ಕಷ್ಟ. ಮನೆಯಲ್ಲೇ ಒಂದು ಸಂಜೆ ಹೀಗೆ ಮಾಡಿ. ಸೂಪರ್‌ಮಾರ್ಕೆಟ್ಟಿನಲ್ಲಿ 300 ಮಿಲಿಯ ಸಣ್ಣ ಬಾಟಲಿಗಳು ಸಿಗುತ್ತವೆ. ನೀಗಾತಾ ಪ್ರಾಂತ್ಯದ ಒಂದು ಹೊನ್‌ಜೋಝೋ ತನ್ನಿ, ಎಲ್ಲಿಯದಾದರೂ ಸರಿ ಒಂದು ಯಮಾಹಾಯ್ ಜುನ್‌ಮಾಯ್ ತನ್ನಿ. ಈ ಹೆಸರುಗಳ ಅರ್ಥ ಮುಂದೆ ಹೇಳುತ್ತೇನೆ, ಲೇಬಲ್ ಓದಲು ಫೋನಿನ ಕ್ಯಾಮೆರಾ ಅನುವಾದ ಸಾಕು. ಫ್ರಿಜ್ಜಿನಿಂದ ತೆಗೆದ ತಕ್ಷಣ ಬೇಡ, 15ರಿಂದ 20 ಡಿಗ್ರಿಗೆ ಬರಲಿ. ವೃತ್ತಿಪರರು ಬಳಸುವುದು ಒಳಗೆ ಎರಡು ನೀಲಿ ಉಂಗುರ ಬರೆದ ಬಿಳಿ ಪಿಂಗಾಣಿ ಕಪ್ಪು. ಬಿಳಿಯ ಮೇಲೆ ಬಣ್ಣವೂ, ನೀಲಿಯ ಅಂಚಿನಲ್ಲಿ ದ್ರವದ ತಿಳಿಯೂ ಕಾಣಲಿ ಎಂದು. ನಿಮಗೆ ಎರಡು ಒಂದೇ ಥರದ ಚಿಕ್ಕ ಗ್ಲಾಸ್ ಇದ್ದರಾಯಿತು.

ಸ್ವಲ್ಪವೇ ಬಗ್ಗಿಸಿಕೊಳ್ಳಿ. ಮೂಗನ್ನು ಗ್ಲಾಸಿನೊಳಗೆ ತೂರಿಸಬೇಡಿ. ನಿಮಗೆ ಬರೀ ಸ್ಪಿರಿಟ್ ಸಿಗುತ್ತಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಅಂಚಿನ ಮೇಲಿನಿಂದ ಹಗುರವಾಗಿ ಮೂಸಿ. ಹೊನ್‌ಜೋಝೋದಲ್ಲಿ ಹೆಚ್ಚೇನೂ ಸಿಗದಿರಬಹುದು, ಅದೇ ಅದರ ಗುಣ. ಯಮಾಹಾಯ್‌ನಲ್ಲಿ ಬೆಂದ ಅನ್ನದ ಜೊತೆಗೆ ಮೊಸರಿನ ಎಳೆಯೊಂದು ಸಿಗಬೇಕು. ಯೀಸ್ಟ್ ಬೆಳೆಸುವ ಮೊದಲ ಹಂತದಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ಹೊರಗಿನಿಂದ ಸುರಿಯದೆ ಬ್ಯಾಕ್ಟೀರಿಯಾಗಳಿಂದಲೇ ಹುಟ್ಟಿಸಿಕೊಳ್ಳುವ ನಿಧಾನದ ಪದ್ಧತಿ ಅದು. ಈಗ ಒಂದು ಚಮಚೆಯಷ್ಟನ್ನು ಬಾಯಿಗೆ ಹಾಕಿ ನಾಲಗೆಯ ಮೇಲೆಲ್ಲ ಹರಡಿ, ತುಟಿ ಕೊಂಚ ತೆರೆದು ಗಾಳಿ ಎಳೆದುಕೊಳ್ಳಿ, ಉಸಿರನ್ನು ಮೂಗಿನಿಂದ ಬಿಡಿ. ಗ್ಲಾಸಿನಲ್ಲಿ ಸಿಗದ ವಾಸನೆ ಈಗ ಸಿಗುತ್ತದೆ. ಆಮೇಲೆ ನುಂಗಿ. ಸ್ಪರ್ಧೆಯ ತೀರ್ಪುಗಾರರು ಉಗುಳುತ್ತಾರೆ, ನೂರಾರು ಮಾದರಿಗಳ ನಡುವೆ ಅವರಿಗೆ ಬೇರೆ ದಾರಿಯಿಲ್ಲ. ನಿಮಗೆ ಬೇಕಾದ ಕಿರೆ ಗಂಟಲಿನಲ್ಲಿದೆ, ಉಗುಳಿದರೆ ಅದು ತಪ್ಪಿಹೋಗುತ್ತದೆ.

ನುಂಗಿದ ಮೇಲೆ ಸುಮ್ಮನಿದ್ದು ಗಮನಿಸಿ. ಸಿಹಿ ನಾಲಗೆಯ ತುದಿಯಲ್ಲಿ ಕೂತಿದೆಯೇ? ಹುಳಿ ಬಂದು ಅದನ್ನು ಎಬ್ಬಿಸಿತೇ? ಬಾಯಿ ಒಣಗಿತೇ, ನೀರೂರಿತೇ? ನೀರು ಕುಡಿದು ಎರಡನೆಯದಕ್ಕೆ ಹೋಗಿ, ಮತ್ತೆ ಮೊದಲನೆಯದಕ್ಕೆ ಬನ್ನಿ. ಮೊದಲ ಗುಟುಕಿನಲ್ಲಿ ಆಲ್ಕೋಹಾಲಿನ ಚುರುಕು ಎಲ್ಲವನ್ನೂ ಮುಚ್ಚುತ್ತದೆ, ಬಾಯಿ ಅದಕ್ಕೆ ಹೊಂದಿಕೊಂಡ ಮೇಲಷ್ಟೇ ಅಕ್ಕಿ ಮಾತಾಡುವುದು. ಕೊನೆಗೆ ಎರಡರ ಪಕ್ಕಕ್ಕೂ ಒಂದು ಚಿಟಿಕೆ ಉಪ್ಪು ಇಟ್ಟುಕೊಂಡು ನಾಲಗೆಗೆ ಸೋಕಿಸಿ ಕುಡಿಯಿರಿ. ಅಷ್ಟು ಹೊತ್ತೂ ನೀರಸ ಎನಿಸಿದ್ದ ಹೊನ್‌ಜೋಝೋ ಆಗ ತನ್ನ ಹದ ತೋರಿಸುತ್ತದೆ.

ಹೊನ್‌ಜೋಝೋ ಎಂದರೆ 'ಆಲ್ಕೋಹಾಲ್ ಬೆರೆಸಿದ ಕಳಪೆ ಮಾಲು' ಎಂಬ ಮಾತು ನಿಮ್ಮ ಕಿವಿಗೂ ಬಿದ್ದೀತು. ಒಪ್ಪಬೇಡಿ. ಅಕ್ಕಿ, ಕೋಜಿ ಬೂಷ್ಟು, ನೀರು ಬಿಟ್ಟು ಇನ್ನೇನೂ ಸೇರದ್ದು ಜುನ್‌ಮಾಯ್. ಹಿಂಡುವ ಮುನ್ನ ಕೊಂಚ ಶುದ್ಧ ಆಲ್ಕೋಹಾಲ್ ಸೇರಿಸಿದ್ದು ಹೊನ್‌ಜೋಝೋ, ಅದಕ್ಕೂ ಬಳಸಿದ ಅಕ್ಕಿಯ ತೂಕದ ಶೇಕಡಾ 10ರ ಮಿತಿಯಿದೆ. ಆ ಅಳತೆಯಲ್ಲಿ ಅದು ಮಾಡುವುದು ಮೈಭಾರ ಇಳಿಸಿ ಕಿರೆಯನ್ನು ಚೂಪುಗೊಳಿಸುವ ಕೆಲಸ. ಹಾಗೆಯೇ ಗಿಂಜೋ, ದಾಯ್‌ಗಿಂಜೋ ಎಂಬ ಹೆಸರುಗಳು ಬಹುಮಟ್ಟಿಗೆ ಅಕ್ಕಿಯನ್ನು ಎಷ್ಟು ಪಾಲಿಶ್ ಮಾಡಿದ್ದಾರೆ ಎಂಬುದರ ಮೇಲೆ ನಿಂತಿವೆ: ಕಾಳಿನ ಶೇಕಡಾ 60 ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಗಿಂಜೋ, 50ಕ್ಕೆ ಇಳಿದರೆ ದಾಯ್‌ಗಿಂಜೋ. ಡ್ರೈ ಬೇಕಾದವರು ಆ ಮೆಟ್ಟಿಲು ಹತ್ತಲೇಬೇಕೆಂದಿಲ್ಲ. ದುಡ್ಡೂ ಉಳಿಯುತ್ತದೆ.

ಡ್ರೈ ಸಾಕೆ ಜಪಾನಿನಲ್ಲಿ ಎಲ್ಲ ಕಡೆ ಒಂದೇ ಥರ ಇಲ್ಲ. ಯಾವ ಊರಿನ ಡ್ರೈ ಎಂದು ಗೊತ್ತಿದ್ದರೆ ಬಾಟಲಿ ತೆರೆಯುವ ಮೊದಲೇ ಅರ್ಧ ಅಂದಾಜು ಸಿಕ್ಕಿಬಿಡುತ್ತದೆ.

ಹಳೆಯ ಹೆಸರು ನಾದಾ, ಕೋಬೆ ಮತ್ತು ನಿಶಿನೋಮಿಯಾ ಕರಾವಳಿಯ ಐದು ಹಳೆಯ ಸಾಕೆಯೂರುಗಳು. ಅಲ್ಲಿನ ಸಾಕೆ ಸೀಡರ್ ಮರದ ಪೀಪಾಯಿಗಳಲ್ಲಿ ಹಡಗು ಹತ್ತಿ, ಇಂದಿನ ಟೋಕಿಯೋ ಆಗಿರುವ ಎದೋ ನಗರಕ್ಕೆ ಹೋಗುತ್ತಿತ್ತು. 1840ರಲ್ಲಿ ಯಮಾಮುರಾ ತಾಝಾಎಮೊನ್ ಎಂಬ ತಯಾರಕರಿಗೆ ಒಂದು ಒಗಟು ಎದುರಾಯಿತು. ಅವರಿಗೆ ನಿಶಿನೋಮಿಯಾದಲ್ಲೂ ಉಓಝಾಕಿಯಲ್ಲೂ ಸಾಕೆಮನೆಗಳಿದ್ದವು, ನಿಶಿನೋಮಿಯಾದ ಸಾಕೆಯೇ ಯಾವಾಗಲೂ ಮೇಲು. ಏನು ಮಾಡಿದರೂ ವ್ಯತ್ಯಾಸ ಹೋಗದಿದ್ದಾಗ ನಿಶಿನೋಮಿಯಾದ ಬಾವಿಯ ನೀರನ್ನೇ ಉಓಝಾಕಿಗೆ ಸಾಗಿಸಿ ಸಾಕೆ ಮಾಡಿಸಿದರು. ಎರಡೂ ಒಂದಾದವು. 'ಮಿಯಾಮಿಝು' ಎಂದು ಹೆಸರಾದ ಆ ನೀರು ಜಪಾನಿನ ಮಟ್ಟಿಗೆ ಗಡುಸು. ಯೀಸ್ಟ್‌ಗೆ ಬೇಕಾದ ಪೊಟ್ಯಾಶಿಯಂ, ರಂಜಕ ಅದರಲ್ಲಿ ಧಾರಾಳ, ಸಾಕೆಯನ್ನು ಕೆಡಿಸುವ ಕಬ್ಬಿಣ ತೀರ ಕಡಿಮೆ. ಹುದುಗು ಜೋರಾಗಿ ಎದ್ದು ಸಕ್ಕರೆಯನ್ನು ತಿಂದು ಮುಗಿಸುತ್ತದೆ. ಅದಕ್ಕೇ ನಾದಾದ ಡ್ರೈಗೆ ಮೈಕಟ್ಟು ಇದೆ, ಎದೆಯುಬ್ಬಿಸಿ ನಿಂತ ಹಾಗೆ. ಅದನ್ನು ಗಂಡು ಸಾಕೆ ಎಂದೂ, ಮೃದು ನೀರಿನ ಕ್ಯೋಟೋ ಬಳಿಯ ಫುಶಿಮಿಯದನ್ನು ಹೆಣ್ಣು ಸಾಕೆ ಎಂದೂ ಕರೆಯುವ ರೂಢಿ ಹಳೆಯದು. ಈ ಹೆಸರುಗಳು ನನಗಷ್ಟು ಹಿಡಿಸುವುದಿಲ್ಲ, ಆದರೆ ಅಂಗಡಿಯವರ ಬಾಯಲ್ಲಿ ಇನ್ನೂ ಓಡಾಡುತ್ತಿವೆ.

ನೀಗಾತಾದ ಕಥೆ ಬೇರೆ. ಎರಡನೆಯ ಮಹಾಯುದ್ಧದ ನಂತರ ಅಕ್ಕಿಗೆ ಬರ ಬಂದಾಗ ಆಲ್ಕೋಹಾಲ್, ಗ್ಲೂಕೋಸ್, ಆಮ್ಲ, ರುಚಿಪುಡಿ ಬೆರೆಸಿ ಒಂದು ಪಾಲು ಸಾಕೆಯನ್ನು ಮೂರು ಪಾಲು ಮಾಡುವ ಪದ್ಧತಿ ದೇಶದಲ್ಲೆಲ್ಲ ಹಬ್ಬಿತು. ಅಕ್ಕಿ ಮತ್ತೆ ಸಿಗತೊಡಗಿದ ಮೇಲೂ ಅದು ಹೋಗಲಿಲ್ಲ. ಅಂಟಂಟು ಸಿಹಿಯೇ ಸಾಕೆ ಎಂದು ಒಂದು ಪೀಳಿಗೆ ಕುಡಿದು ಬೆಳೆಯಿತು. ಅದಕ್ಕೆ ಎದುರಾಗಿ ಬಂದದ್ದು ನೀಗಾತಾದ ತೆಳ್ಳನೆಯ, ತಿಳಿಯಾದ ಡ್ರೈ. ಹಿಮ ಕರಗಿದ ಮೃದು ನೀರು, 1957ರಲ್ಲಿ ಹೆಸರು ಪಡೆದ ಗೋಹ್ಯಾಕುಮಾನ್‌ಗೋಕು ಅಕ್ಕಿ, ಚಳಿಗಾಲದುದ್ದಕ್ಕೂ ಕೊರೆಯುವ ತಂಪಿನಲ್ಲಿ ನಿಧಾನದ ಹುದುಗು: ನೀರು ಮೃದುವಾದರೂ ಸಾಕೆ ಡ್ರೈ ಆಗುವ ದಾರಿಯನ್ನು ಅಲ್ಲಿನವರು ಕಂಡುಕೊಂಡರು. ಅಲ್ಲಿನ ಬ್ರಾಂಡ್ ಕೋಶಿ ನೋ ಕಾನ್‌ಬಾಯ್‌ಗೆ ಜನ ಊರೂರು ಹುಡುಕಾಡಿದರು. 1985ರಲ್ಲಿ ಕುಬೋತಾ ಎಂಬ ಇನ್ನೊಂದು ಬ್ರಾಂಡ್ ಬಂತು. ಆ ದಶಕದಲ್ಲಿ ಟೋಕಿಯೋದ ಬಾರುಗಳಲ್ಲಿ ಕರಾಕುಚಿ ಎನ್ನುವುದೇ ಒಂದು ಅಂತಸ್ತಾಯಿತು. ನಿಮ್ಮ ಮ್ಯಾನೇಜರ್ ಅರವತ್ತರ ಆಸುಪಾಸಿನವರಾದರೆ ಅವರು ಸಾಕೆ ಕಲಿತದ್ದು ಆ ಗಾಳಿಯಲ್ಲೇ ಇರಬೇಕು. ಕಲಬೆರಕೆಗೆ ಕಾನೂನಿನ ಕಡಿವಾಣ ಬಿಗಿಯಾದದ್ದು 2006ರ ತಿದ್ದುಪಡಿಯ ನಂತರ. ಅಷ್ಟರಲ್ಲಿ 'ಡ್ರೈ ಅಂದರೆ ಒಳ್ಳೆಯದು' ಎಂಬ ನಂಬಿಕೆ ಬೇರೂರಿ ಆಗಿತ್ತು. ಏನು ಬೇಕೆಂದು ಗೊತ್ತಿಲ್ಲದವರೂ ಬಾರಿನಲ್ಲಿ ಕೂತು ಕರಾಕುಚಿ ಎಂದುಬಿಡುವುದು ಇವತ್ತಿಗೂ ಉಂಟು.

ವಾರಾಂತ್ಯ ಬಿಡುವಿದ್ದರೆ ಜೋಎತ್ಸು ಶಿಂಕಾನ್ಸೆನ್ ಹಿಡಿದು ಎಚಿಗೋ-ಯುಝಾವಾಕ್ಕೆ ಹೋಗಿಬನ್ನಿ, ಒಂದೂಕಾಲು ಗಂಟೆಯ ಹಾದಿ. ರೈಲು ನಿಲ್ದಾಣದ ಒಳಗೇ ಪೋನ್ಶುಕಾನ್ ಎಂಬ ಜಾಗವಿದೆ. ಹಣ ಕೊಟ್ಟರೆ ಟೋಕನ್ ಕೊಡುತ್ತಾರೆ, ಗೋಡೆಗೆ ಸಾಲಾಗಿ ನಿಲ್ಲಿಸಿದ ಯಂತ್ರಗಳಿಂದ ಪ್ರಾಂತ್ಯದ ಸಾಕೆಮನೆಗಳ ಸಾಕೆಯನ್ನು ಚಿಕ್ಕ ಕಪ್ಪಿನಲ್ಲಿ ಹಿಡಿದು ರುಚಿ ನೋಡಬಹುದು. ನೆಂಚಿಕೊಳ್ಳಲು ಬಗೆಬಗೆಯ ಉಪ್ಪೂ ಇರುತ್ತದೆ. ಅಲ್ಲಿ ಪ್ರಖ್ಯಾತ ಹೆಸರುಗಳ ಹಿಂದೆ ಹೋಗದೆ, ಸಾನ್-ದೋ ಬೇರೆಬೇರೆ ಇರುವ ಐದನ್ನು ಆರಿಸಿಕೊಂಡರೆ ಮೇಲೆ ಹೇಳಿದ್ದೆಲ್ಲ ಒಂದು ಗಂಟೆಯಲ್ಲಿ ಬಾಯಿಪಾಠವಾಗುತ್ತದೆ.

ಮೂರನೆಯ ಊರು ಶಿಕೋಕು ದ್ವೀಪದ ಕೋಚಿ. ಕುಡಿತಕ್ಕೂ ಡ್ರೈಗೂ ಒಟ್ಟೊಟ್ಟಿಗೆ ಹೆಸರಾದ ನಾಡು. ಕೆಳಗಿಡಲಾಗದ ಬಟ್ಟಲುಗಳು ಅಲ್ಲಿವೆ: ತಳದಲ್ಲಿ ತೂತು, ಬೆರಳಿನಿಂದ ಮುಚ್ಚಿ ಹಿಡಿದು ಖಾಲಿ ಮಾಡಿಯೇ ಇಡಬೇಕು. ಕತ್ಸುಓ ಎಂಬ ಟ್ಯೂನಾ ಬಳಗದ ಮೀನನ್ನು ಹುಲ್ಲಿನ ಬೆಂಕಿಯಲ್ಲಿ ಹೊರಗಷ್ಟೇ ಸುಟ್ಟು, ಹಸಿ ಬೆಳ್ಳುಳ್ಳಿ ಬಿಲ್ಲೆಯ ಜೊತೆ ತಿನ್ನುತ್ತಾರೆ. ಅಂಥ ಗಡುಸು ತಿಂಡಿಯ ಮುಂದೆ ನೀಗಾತಾದ ತೆಳು ಸಾಕೆ ನಿಲ್ಲುವುದಿಲ್ಲ. ಸುಮಾರು +7ರ, ಕೋಚಿಯದೇ ಬ್ರಾಂಡ್ ಸುಯ್‌ಗೇಯಂಥದ್ದು ಬೇಕು, ಹುಳಿಯೂ ಗಟ್ಟಿಯಾಗಿರುವಂಥದ್ದು. ಇನ್ನೂ ಮೇಲೆ ಹೋಗಬೇಕೆಂದರೆ ನಾರಾ ಊರಿನ ಹರುಶಿಕಾ 'ಚೋಕರಾಕುಚಿ' ಇದೆ, +12. ಹನ್ನೆರಡು ಎಂದು ಹೆದರಬೇಡಿ. ಅದು ಜುನ್‌ಮಾಯ್, ಅಕ್ಕಿಯ ರುಚಿ ನಡುವೆ ಚೆನ್ನಾಗಿಯೇ ಸಿಗುತ್ತದೆ.

ಈಗ ಬಿಸಿಯೋ ತಂಪೋ ಎಂಬ ಪ್ರಶ್ನೆ. ಎರಡೂ, ಆದರೆ ಎರಡರ ಅತಿಯೂ ಬೇಡ. ಫ್ರಿಜ್ಜಿನ 5 ಡಿಗ್ರಿಯಲ್ಲಿ ಡ್ರೈ ಸಾಕೆಯ ರುಚಿ ಮುದುಡುತ್ತದೆ, ಆಲ್ಕೋಹಾಲಿನ ಚುರುಕು ಮಾತ್ರ ಉಳಿಯುತ್ತದೆ. 10ರಿಂದ 15 ಡಿಗ್ರಿ ನೀಗಾತಾದ ಸಾಕೆಗೆ ಹಿತ. ಇನ್ನು ಯಮಾಹಾಯ್, ಅದರಂಥದೇ ನಿಧಾನದ ಪದ್ಧತಿಯ ಕಿಮೋತೋ, ನಾದಾದ ಹಳೆಯ ಶೈಲಿಯವು, ಹುಳಿ ಜಾಸ್ತಿಯಿರುವ ಜುನ್‌ಮಾಯ್ ಇವೆಲ್ಲ ಬಿಸಿಗೆ ಹುಟ್ಟಿದವು. ಸಾಕೆಯಲ್ಲಿರುವ ಲ್ಯಾಕ್ಟಿಕ್ ಮತ್ತು ಸಕ್ಸಿನಿಕ್ ಆಮ್ಲಗಳು ಬೆಚ್ಚಗಾದಾಗ ದುಂಡಗಾಗುತ್ತವೆ. ಹಸಿರು ಸೇಬಿನ ಮ್ಯಾಲಿಕ್ ಆಮ್ಲ ಮಾತ್ರ ತಂಪಿನಲ್ಲೇ ಚೆಂದ. 40 ಡಿಗ್ರಿ ಆಸುಪಾಸಿನದು ನುರುಕಾನ್, 45 ಜೋಕಾನ್, 50 ಅತ್ಸುಕಾನ್. ದೇಹದ ಬಿಸಿಯ ಹತ್ತಿರ ನಾಲಗೆಗೆ ಸಿಹಿ ಹೆಚ್ಚು ಕಾಣುತ್ತದೆ, ಆದ್ದರಿಂದ ನುರುಕಾನ್‌ನಲ್ಲಿ ಡ್ರೈ ಸಾಕೆಯೂ ಕೊಂಚ ಮೆತ್ತಗಾಗುತ್ತದೆ. 45 ದಾಟಿದರೆ ಮತ್ತೆ ಚೂಪಾಗುತ್ತದೆ. ಒಂದೇ ಬಾಟಲಿಯಲ್ಲಿ ಎರಡು ಸಾಕೆ ಸಿಕ್ಕ ಹಾಗೆ. ಇಝಾಕಾಯಾದಲ್ಲಿ ಸುಮ್ಮನೆ ಬಿಸಿ ಎಂದರೆ ಅಗ್ಗದ ಸಾಕೆಯನ್ನು 50ಕ್ಕೂ ಮೇಲೆ ಕಾಯಿಸಿ ತಂದಿಡುವುದುಂಟು, ಅದರಿಂದ ಏಳುವುದು ಸ್ಪಿರಿಟ್ ಆವಿಯೇ. ಮುಂದಿನ ಸಲ 'ನುರುಕಾನ್' ಎಂದು ಕೇಳಿ ನೋಡಿ.

ಮನೆಯಲ್ಲಿ ಕಾಯಿಸುವುದಕ್ಕೆ ದೊಡ್ಡ ವಿದ್ಯೆ ಬೇಡ. ಪಾತ್ರೆಯಲ್ಲಿ ನೀರು ಕುದಿಸಿ ಒಲೆ ಆರಿಸಿ. ತೊಕ್ಕುರಿ ಎಂಬ ಸಾಕೆ ಹೂಜಿಯಲ್ಲೋ ದಪ್ಪ ಪಿಂಗಾಣಿ ಜಗ್ಗಿನಲ್ಲೋ ಸಾಕೆ ಹಾಕಿ ಕುತ್ತಿಗೆಯ ತನಕ ನೀರಿನಲ್ಲಿಡಿ. 180 ಮಿಲಿಗೆ ಎರಡು ಮೂರು ನಿಮಿಷ. ಅಡುಗೆ ಥರ್ಮಾಮೀಟರ್ ಇದ್ದರೆ 40 ತೋರಿಸುವಾಗ ಅರ್ಧ ಬಗ್ಗಿಸಿಕೊಂಡು, ಉಳಿದದ್ದನ್ನು 47ರ ತನಕ ಬಿಡಿ. ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಮೈಕ್ರೋವೇವ್ ತಪ್ಪೇನಲ್ಲ, ಮೇಲೆ ಕುದಿ, ಕೆಳಗೆ ತಣ್ಣಗೆ ಆಗುವುದರಿಂದ ನಡುವೆ ಒಮ್ಮೆ ಕಲಕಿ.

ಊಟಕ್ಕೆ ಬರೋಣ. ಹಸಿ ಮೀನಿಗೆ ವೈನ್‌ಗಿಂತ ಸಾಕೆ ಹೊಂದುವುದಕ್ಕೆ ಒಂದು ಗಟ್ಟಿ ಕಾರಣವಿದೆ: ವೈನ್‌ನಲ್ಲಿರುವ ಕಬ್ಬಿಣ ಮೀನಿನ ಕೊಬ್ಬಿನ ಜೊತೆ ಸೇರಿ ಮೀನುವಾಸನೆ ಎಬ್ಬಿಸುತ್ತದೆ, ಸಾಕೆಮನೆಯ ನೀರಿನಲ್ಲಿ ಕಬ್ಬಿಣ ಲೀಟರಿಗೆ 0.02 ಮಿಲಿಗ್ರಾಂ ದಾಟಬಾರದು ಎಂಬುದು ರೂಢಿಯ ಮಾನದಂಡ. ತಾಯ್, ಹಿರಾಮೆಯಂಥ ಬಿಳಿ ಮೀನಿನ ಸಾಶಿಮಿಗೆ ತಣ್ಣನೆಯ ನೀಗಾತಾ ಸಾಕು. ಉಪ್ಪು ಹಚ್ಚಿ ಸುಟ್ಟ ಸಾಬಾ ಸಿಕ್ಕರೆ ಬಿಡಬೇಡಿ. ನಮ್ಮ ಕರಾವಳಿಯ ಬಂಗುಡೆಯ ಬಂಧು ಅದು, ಅದೇ ಎಣ್ಣೆಯಂಶ, ಅದೇ ಗಾಢ ರುಚಿ. ಜೊತೆಗೆ 45 ಡಿಗ್ರಿಯ ಯಮಾಹಾಯ್ ಇಟ್ಟುಕೊಳ್ಳಿ. ಜಿಡ್ಡನ್ನು ಹುಳಿ ಎತ್ತಿಕೊಂಡು ಹೋಗುವುದು ಎಂದರೇನು ಎಂಬುದು ಅಲ್ಲಿ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ ಡ್ರೈ ಸಾಕೆಗೆ ಇದಕ್ಕಿಂತ ಒಳ್ಳೆಯ ಜೋಡಿಯಿಲ್ಲ.

ನಿಮ್ಮ ಮನೆಯವರ ತಟ್ಟೆಯೂ ಬಡವಾಗಬೇಕಿಲ್ಲ. ತಣ್ಣನೆಯ ತೋಫು ಮೇಲೆ ಶುಂಠಿ, ಈರುಳ್ಳಿ ಹೂವಿನ ತುಣುಕು, ಎರಡು ಹನಿ ಶೋಯು (ಸೋಯಾ ಸಾಸ್), ಕೆಂಡದ ಮೇಲೆ ಉಪ್ಪು ಹಾಕಿ ಸುಟ್ಟ ಶಿಯಿತಾಕೆ ಅಣಬೆ, ಎದಾಮಾಮೆ ಎಂಬ ಹಸಿ ಸೋಯಾ ಕಾಯಿ, ನುಕಾ ತವುಡಿನಲ್ಲಿ ಹುದುಗಿಸಿದ ಸೌತೆ, ಮೂಲಂಗಿ. ವಸಂತದ ಮೊದಲಲ್ಲಿ ಕಾಡುಸೊಪ್ಪು, ಮೊಗ್ಗುಗಳ ತೆಂಪುರಾ (ಹಿಟ್ಟಿನಲ್ಲಿ ಅದ್ದಿ ಕರಿದದ್ದು) ಬರುತ್ತದೆ, ಅದರ ಕಹಿಗೆ ತೆಳು ಡ್ರೈ ಸಾಕೆ ಹೇಳಿ ಮಾಡಿಸಿದ್ದು. ತೆಂಪುರಾವನ್ನು ಉಪ್ಪಿನಲ್ಲಿ ಅದ್ದಿ ತಿನ್ನಲಿ, ಕೊಡುವ ಸಾರಿನಲ್ಲಿ ಮೀನಿನ ರಸ (ದಾಶಿ) ಇರುತ್ತದೆ. ತೋಫು ಮೇಲೆ ಮೀನಿನ ಹೆರಕಲು ಉದುರಿಸಿ ತರುವುದು ವಾಡಿಕೆ, 'ಕತ್ಸುಓಬುಶಿ ನಾಶಿ ದೇ' ಎಂದು ಮೊದಲೇ ಹೇಳಿಬಿಡಿ. ಅವರೂ ಸಾಕೆ ರುಚಿ ನೋಡುವವರಾದರೆ ಒಂದು ಮಾತು: ಕೆಲವು ತಯಾರಕರು ಸಾಕೆಯನ್ನು ತಿಳಿಗೊಳಿಸಲು ಜೆಲಟಿನ್ ಬಳಸುವುದುಂಟು. ಅದು ಲೇಬಲ್ಲಿನಲ್ಲಿ ಕಾಣುವುದಿಲ್ಲ, ಕೇಳಿಯೇ ತಿಳಿದುಕೊಳ್ಳಬೇಕು.

ಮಿಸೋ ಬಳಿದ ಸಿಹಿ ಬದನೆ, ತೆರಿಯಾಕಿ ಇಂಥವು ಡ್ರೈ ಸಾಕೆಯನ್ನು ಹುಳಿ ನೀರಿನಂತೆ ಮಾಡಿಬಿಡುತ್ತವೆ, ಅದಕ್ಕೆ ಸಿಹಿ ಸಾಕೆಯೇ ಸರಿ. ಖಾರದ ವಿಷಯದಲ್ಲೂ ಎಚ್ಚರ. ಆಲ್ಕೋಹಾಲ್ ಮೆಣಸಿನ ಉರಿಯನ್ನು ಹೆಚ್ಚಿಸುತ್ತದೆ, ತಣಿಸುವಷ್ಟು ಸಿಹಿಯೂ ಡ್ರೈ ಸಾಕೆಯಲ್ಲಿ ಇಲ್ಲ. ಹಾಗಾಗಿ ಊರಿಂದ ಬಂದ ಖಾರದ ಕೊಡುಬಳೆ ಪಕ್ಕಕ್ಕಿರಲಿ. ಹಲಸಿನ ಹಪ್ಪಳ, ಉಪ್ಪಿನ ಗೋಡಂಬಿ ಮಾತ್ರ ನುರುಕಾನ್ ಜೊತೆ ಅಚ್ಚುಕಟ್ಟಾಗಿ ಕೂರುತ್ತವೆ.

ಸಾಕೆಯ ಪಕ್ಕದಲ್ಲಿ ಅಷ್ಟೇ ನೀರು ಇಟ್ಟುಕೊಳ್ಳುವುದು ಜಪಾನೀಯರದೇ ಪದ್ಧತಿ, 'ಯವಾರಾಗಿ-ಮಿಝು' ಕೇಳಿದರೆ ತಂದುಕೊಡುತ್ತಾರೆ. ಬಾಯಿ ತೊಳೆದಷ್ಟೂ ರುಚಿ ನಿಚ್ಚಳ, ಬೆಳಗ್ಗೆ ತಲೆಯೂ ಹಗುರ. ಸ್ಟೇಷನ್‌ನಿಂದ ಮನೆಗೆ ಸೈಕಲ್ ಹತ್ತುವ ಅಭ್ಯಾಸವಿದ್ದರೆ ಅವತ್ತು ತಳ್ಳಿಕೊಂಡು ಹೋಗಿ. 2024ರ ನವೆಂಬರಿನಿಂದ ಕುಡಿದು ಸೈಕಲ್ ಹೊಡೆಯುವುದಕ್ಕೂ ಅಲ್ಲಿ ಕಠಿಣ ಶಿಕ್ಷೆಯಿದೆ. ಮತ್ತೆ, ಇಷ್ಟೆಲ್ಲ ಮಾಡಿಯೂ ಹಿಡಿಸದಿದ್ದರೆ ಮ್ಯಾನೇಜರ್ ಮುಂದೆ ಊಲಾಂಗ್ ಚಹಾ ತರಿಸಿಕೊಳ್ಳಲು ಸಂಕೋಚ ಬೇಡ. ಈಗ ಯಾರೂ ತಪ್ಪು ತಿಳಿಯುವುದಿಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ದೀಪದ ಕೆಳಗೆ ಬಹಳ ದಿನ ನಿಂತ ಬಾಟಲಿ ಬೇಡ. ಬೆಳಕು, ಬಿಸಿ ಎರಡೂ ಸಾಕೆಯ ಶತ್ರುಗಳು. ಕೆಟ್ಟದ್ದರ ಗುರುತು ಹಳೆಯ ಮೂಲಂಗಿ ಉಪ್ಪಿನಕಾಯಿಯ ವಾಸನೆ. ತೆರೆದ ಬಾಟಲಿ ಫ್ರಿಜ್ಜಿನಲ್ಲಿರಲಿ. ತೆಳು ಹೊನ್‌ಜೋಝೋವನ್ನು ವಾರದೊಳಗೆ ಮುಗಿಸಿ, ಯಮಾಹಾಯ್ ಇನ್ನೂ ಕೆಲವು ದಿನ ತಡೆಯುತ್ತದೆ, ಎರಡನೆಯ ದಿನ ಮೊದಲಿಗಿಂತ ಚೆನ್ನಾಗಿರುವುದೂ ಉಂಟು.

ಇನ್ನು ಮಾವನವರ ಬಾಟಲಿ. ಭಾರತಕ್ಕೆ ಬರುವ ಪ್ರಯಾಣಿಕರೊಬ್ಬರು 2 ಲೀಟರ್ ತನಕ ಮದ್ಯವನ್ನು ಸುಂಕವಿಲ್ಲದೆ ತರಬಹುದು, ಅಂದರೆ 720 ಮಿಲಿಯ ಎರಡು ಬಾಟಲಿ ಆರಾಮಾಗಿ ಹಿಡಿಸುತ್ತದೆ. 'ನಾಮಾ' ಎಂದು ಬರೆದದ್ದು ಬೇಡ. ಕಾಯಿಸಿ ಪಾಶ್ಚರೀಕರಿಸದ ಸಾಕೆ ಅದು, ನಮ್ಮ ಬೇಸಿಗೆಯಲ್ಲಿ ಮನೆ ಮುಟ್ಟುವಷ್ಟರಲ್ಲೇ ಕೆಡಲು ಶುರುವಾಗುತ್ತದೆ. ಮಾವನವರು ವಿಸ್ಕಿಗೆ ಒಗ್ಗಿದವರಾದರೆ 15 ಪ್ರತಿಶತದ ಸಾಕೆಯನ್ನು ನೀರು ಎಂದುಬಿಟ್ಟಾರು. ಅಂಥವರಿಗೆ ನೀರು ಬೆರೆಸದ 'ಗೆನ್ಶು' ಇದೆ, ಆಲ್ಕೋಹಾಲ್ ಸಾಮಾನ್ಯವಾಗಿ 17ರಿಂದ 19 ಪ್ರತಿಶತ. ಡ್ರೈ ಗೆನ್ಶು ಒಂದು, ಯಮಾಹಾಯ್ ಜುನ್‌ಮಾಯ್ ಒಂದು ತನ್ನಿ. ಮೊದಲನೆಯದನ್ನು ಒಂದೇ ಒಂದು ದೊಡ್ಡ ಐಸ್ ತುಂಡಿನ ಮೇಲೆ ಸುರಿದುಕೊಡಿ, ಸೋಡಾ ಬಾಟಲಿ ಮಾತ್ರ ಅವರ ಕೈಗೆ ಸಿಗದಂತೆ ನೋಡಿಕೊಳ್ಳಿ.